ಕೊವ್ವಾಡದಲ್ಲಿ ಸೋರಿದರೆ ವಿಶಾಖಪಟ್ಟಣಕ್ಕೆ ಎಷ್ಟು ದಿನ? ಕಂಪ್ಯೂಟರ್ ಹೇಳಬಲ್ಲದು, ಜನರಿಗೆ ಹೇಳುವವರು ಯಾರು?

ವಿಶಾಖಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 70 ಕಿ.ಮೀ ದೂರದಲ್ಲಿ, ಶ್ರೀಕಾಕುಳಂ ಜಿಲ್ಲೆಯ ರಣಸ್ಥಲಂ ಮಂಡಲದಲ್ಲಿ ಕೊವ್ವಾಡ ಎಂಬ ಕಡಲ ಊರಿದೆ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ತಲಾ 1,208 ಮೆಗಾವಾಟ್ ಸಾಮರ್ಥ್ಯದ 6 ಪರಮಾಣು ರಿಯಾಕ್ಟರ್‌ಗಳನ್ನು ಅಲ್ಲಿ ಕಟ್ಟಲು ಕೇಂದ್ರ ಸರ್ಕಾರ ತಾತ್ವಿಕ ಒಪ್ಪಿಗೆ ನೀಡಿ ವರ್ಷಗಳೇ ಕಳೆದಿವೆ. ಗುಜರಾತಿನ ಮೀಠಿ ವಿರ್ಡಿಯಲ್ಲಿ ಬರಬೇಕಿದ್ದ ಯೋಜನೆ ಅಲ್ಲಿನ ವಿರೋಧದ ಬಳಿಕ ಆಂಧ್ರದ ಕಡೆಗೆ ತಿರುಗಿತ್ತು. ಅಪಘಾತವಾದರೆ ಪರಿಹಾರ ಕೊಡುವವರು ಯಾರು ಎಂಬ ಹೊಣೆಗಾರಿಕೆ ಪ್ರಶ್ನೆಯಲ್ಲಿ ಮಾತುಕತೆ ಸಿಕ್ಕಿಹಾಕಿಕೊಂಡು, ಕಾಮಗಾರಿ ಮಾತ್ರ ಮುಂದೆ ಹೋಗಲಿಲ್ಲ.

ಈಗ ಗಾಳಿ ಬದಲಾಗಿದೆ. 2047ರ ಹೊತ್ತಿಗೆ 100 ಗಿಗಾವಾಟ್ ಪರಮಾಣು ವಿದ್ಯುತ್ ಎಂಬ ಗುರಿಯನ್ನು 2025ರ ಕೇಂದ್ರ ಬಜೆಟ್ ಘೋಷಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಪರಮಾಣು ಕಾಯ್ದೆಯನ್ನು ಅಂಗೀಕರಿಸಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ವಿದೇಶಿ ಪೂರೈಕೆದಾರರು ತಕರಾರು ಎತ್ತುತ್ತಿದ್ದ 2010ರ ಹೊಣೆಗಾರಿಕೆ ಕಾನೂನು ಬದಿಗೆ ಸರಿಯಿತು. ಅತ್ತ ವಿಶಾಖಪಟ್ಟಣದಲ್ಲಿ ದೊಡ್ಡ ಡೇಟಾ ಸೆಂಟರ್ ಕಟ್ಟುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದೆ. ಇಂಥವಕ್ಕೆಲ್ಲ ಹಗಲಿರುಳು ವಿದ್ಯುತ್ ಬೇಕು. ಕೊವ್ವಾಡದ ಹೆಸರು ಮತ್ತೆ ಮತ್ತೆ ಕೇಳಿಬರಲು ಇಷ್ಟು ಕಾರಣ ಸಾಕು.

ರಿಯಾಕ್ಟರ್ ಬೇಕೇ ಬೇಡವೇ ಎಂಬ ವಾದ ಹಳೆಯದು, ಅದು ನಡೆಯುತ್ತಲೇ ಇರುತ್ತದೆ. ಆದರೆ ಅದರ ಅಡಿಯಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಂದು ಪ್ರಶ್ನೆ ಇದೆ. ಒಂದು ವೇಳೆ ವಿಕಿರಣಶೀಲ ನೀರು ಕಡಲಿಗೆ ಸೇರಿದರೆ ಅದು ಯಾವ ದಿಕ್ಕಿಗೆ ಹೋಗುತ್ತದೆ? ಎಷ್ಟು ದಿನದಲ್ಲಿ ಎಲ್ಲಿಗೆ ತಲುಪುತ್ತದೆ? ಯಾವ ಬಂದರಿನ ಮೀನುಗಾರರು ದೋಣಿ ಇಳಿಸಬಾರದು? ಇದಕ್ಕೆ ಉತ್ತರ ಹೇಳುವ ವಿಜ್ಞಾನ ಭಾರತದಲ್ಲೇ ಇದೆ. ಅದರಲ್ಲೂ ವಿಜಯವಾಡದಿಂದ ರಸ್ತೆಯಲ್ಲಿ ಐದಾರು ಗಂಟೆ ದೂರದ ಹೈದರಾಬಾದ್‌ನಲ್ಲಿದೆ.

ಇನ್ನೊಂದು ಮಾತು. ವಿಶಾಖಪಟ್ಟಣಕ್ಕೆ ಪರಮಾಣು ನಂಟು ಕೊವ್ವಾಡದಿಂದಲೇ ಶುರುವಾಗಬೇಕಿಲ್ಲ. ಭಾರತದ ಮೊದಲ ಸ್ವದೇಶಿ ಪರಮಾಣು ಜಲಾಂತರ್ಗಾಮಿ ಐಎನ್‌ಎಸ್ ಅರಿಹಂತ್ 2009ರ ಜುಲೈ 26ರಂದು ನೀರಿಗಿಳಿದದ್ದು ಇಲ್ಲಿಯೇ. ಎರಡನೆಯದಾದ ಐಎನ್‌ಎಸ್ ಅರಿಘಾತ್ 2024ರ ಆಗಸ್ಟ್ 29ರಂದು ನೌಕಾಪಡೆ ಸೇರಿದ್ದೂ ಇಲ್ಲಿಯೇ. ರಷ್ಯಾದಿಂದ ಗುತ್ತಿಗೆಗೆ ತಂದಿದ್ದ ಐಎನ್‌ಎಸ್ ಚಕ್ರ ಕೂಡ 2012ರಿಂದ 2021ರವರೆಗೆ ಇದೇ ತೀರದಲ್ಲಿ ನೆಲೆಸಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರದ ಹೊಸ ಆವರಣ ನಗರದ ದಕ್ಷಿಣಕ್ಕಿರುವ ಅಚ್ಯುತಾಪುರಂ ಬಳಿ ಬೆಳೆಯುತ್ತಿದೆ. ರಕ್ಷಣಾ ವಿಷಯದಲ್ಲಿ ಗೋಪ್ಯತೆ ಇರುವುದು ಸಹಜ. ಆದರೆ ರಿಯಾಕ್ಟರ್ ಇರುವ ಹಡಗು ಓಡಾಡುವ ಕಡಲಿನ ಲೆಕ್ಕವನ್ನು ಯಾರಾದರೂ ಇಟ್ಟಿರಲೇಬೇಕು.

ಸಮುದ್ರವನ್ನು ಚೌಕಗಳಾಗಿ ಕತ್ತರಿಸುವ ಲೆಕ್ಕ

ಸಾಗರ ಪ್ರವಾಹದ ಸಿಮ್ಯುಲೇಷನ್ ಎಂದರೆ ಕೇಳಲು ದೊಡ್ಡ ಮಾತು, ಮೂಲ ವಿಚಾರ ಸರಳ. ಸಮುದ್ರವನ್ನು ಉದ್ದ, ಅಗಲ, ಆಳಗಳಲ್ಲಿ ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ಪೆಟ್ಟಿಗೆಯಲ್ಲಿ ನೀರಿನ ಉಷ್ಣತೆ, ಉಪ್ಪಿನಂಶ, ವೇಗ, ದಿಕ್ಕು ಎಷ್ಟೆಂದು ದಾಖಲಿಸುತ್ತಾರೆ. ಮೇಲಿನಿಂದ ಗಾಳಿ ತಳ್ಳುತ್ತದೆ, ಬಿಸಿಲು ಕಾಯಿಸುತ್ತದೆ, ಬದಿಯಿಂದ ನದಿ ಸೇರುತ್ತದೆ, ಉಬ್ಬರವಿಳಿತ ಎಳೆದಾಡುತ್ತದೆ. ಇವನ್ನೆಲ್ಲ ಭೌತವಿಜ್ಞಾನದ ಸಮೀಕರಣಗಳಿಗೆ ಕೊಟ್ಟು, ಕೆಲವು ನಿಮಿಷಗಳ ಬಳಿಕ ಪ್ರತಿ ಪೆಟ್ಟಿಗೆಯ ನೀರು ಎಲ್ಲಿಗೆ ಸರಿಯುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮತ್ತೆ ಕೆಲವು ನಿಮಿಷ, ಮತ್ತೆ ಲೆಕ್ಕ. ಹೀಗೆ ವಾರಗಳು, ವರ್ಷಗಳು.

ವಿಕಿರಣದ ಜಾಡು ಹಿಡಿಯುವಾಗ ಈ ಹರಿಯುವ ನೀರಿನಲ್ಲಿ ಲಕ್ಷಾಂತರ ಕಾಲ್ಪನಿಕ ಕಣಗಳನ್ನು ಬಿಡುತ್ತಾರೆ. ಪ್ರತಿ ಕಣವೂ ನೀರಿನೊಂದಿಗೆ ಸಾಗುತ್ತದೆ, ಜತೆಗೆ ಸ್ವಲ್ಪ ಅಡ್ಡಾದಿಡ್ಡಿಯಾಗಿ ಚದುರುತ್ತದೆ. ಕಾಲ ಕಳೆದಂತೆ ವಿಕಿರಣವೂ ಕುಗ್ಗಬೇಕಲ್ಲವೇ, ಅದನ್ನೂ ಕಳೆಯುತ್ತಾರೆ. ಸೀಸಿಯಂ-134ರ ಅರ್ಧಾಯುಷ್ಯ ಸುಮಾರು 2 ವರ್ಷ, ಟ್ರಿಟಿಯಂನದು 12.3 ವರ್ಷ, ಸೀಸಿಯಂ-137ರದು 30 ವರ್ಷ. ಅಂದರೆ 30 ವರ್ಷ ಕಳೆದರೂ ಸೀಸಿಯಂ-137ರ ಅರ್ಧ ಪಾಲು ಉಳಿದೇ ಇರುತ್ತದೆ.

ಕಷ್ಟ ಬರುವುದು ಸಮೀಕರಣದಲ್ಲಿ ಅಲ್ಲ, ಮೊದಲ ಅಂಕಿಯಲ್ಲಿ. ಎಷ್ಟು ಸೋರಿತು, ಯಾವಾಗಿನಿಂದ ಸೋರಿತು ಎಂಬುದು ಗೊತ್ತಿಲ್ಲದಿದ್ದರೆ ನಕ್ಷೆ ಎಷ್ಟು ಚೆಂದ ಇದ್ದರೂ ಅದರ ಮೇಲಿನ ಸಂಖ್ಯೆಗೆ ಬೆಲೆ ಇಲ್ಲ. ಫುಕುಶಿಮಾದಲ್ಲಿ ಆದದ್ದು ಇದೇ. 2011ರ ಮಾರ್ಚ್ 11ರ ಸುನಾಮಿ ಬಳಿಕ ಸ್ಥಾವರದಿಂದ ನೇರವಾಗಿ ಕಡಲಿಗೆ ಸೇರಿದ ಸೀಸಿಯಂ-137ರ ಪ್ರಮಾಣವನ್ನು ಜಪಾನಿನ ಸಂಶೋಧಕರು ಪ್ರಾದೇಶಿಕ ಸಾಗರ ಮಾದರಿ ಬಳಸಿ ಸುಮಾರು 3.5 ಪೆಟಾಬೆಕರೆಲ್ ಎಂದರು. ಫ್ರಾನ್ಸಿನ ತಂಡವೊಂದು 27 ಪೆಟಾಬೆಕರೆಲ್ ಎಂದಿತು. ಒಂದೇ ಘಟನೆ, ಎರಡು ಅಂದಾಜು, ನಡುವೆ ಏಳೆಂಟು ಪಟ್ಟು ಅಂತರ.

ಪೆಸಿಫಿಕ್ ದಾಟಿದ ಪರೀಕ್ಷೆ

ಆದರೂ ಈ ವಿಧಾನ ಎಷ್ಟು ನಂಬಬಹುದು ಎಂಬುದಕ್ಕೆ ಫುಕುಶಿಮಾಗಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. 2011ರ ಏಪ್ರಿಲ್ ಮೊದಲ ವಾರದಲ್ಲಿ ಸ್ಥಾವರದ ಹೊರಹರಿವಿನ ಬಳಿ ಒಂದು ಘನ ಮೀಟರ್ ನೀರಿನಲ್ಲಿ ಸೀಸಿಯಂ-137ರ ಪ್ರಮಾಣ ಸುಮಾರು 6.8 ಕೋಟಿ ಬೆಕರೆಲ್‌ಗೆ ಏರಿತ್ತು. ಆ ನೀರನ್ನು ಕುರೋಶಿಯೊ ಎಂಬ ಪ್ರಬಲ ಪ್ರವಾಹ ಪೂರ್ವಕ್ಕೆ ಎಳೆದೊಯ್ದಿತು. ಅದು ಉತ್ತರ ಅಮೆರಿಕ ತಲುಪುವುದು ಯಾವಾಗ ಎಂದು ಹಲವು ತಂಡಗಳು ಲೆಕ್ಕ ಹಾಕಿದವು. ವರ್ಷಗಳ ಲೆಕ್ಕದಲ್ಲಿ ಅವು ಒಂದಕ್ಕೊಂದು ಹೊಂದಲಿಲ್ಲ. ಕೆನಡಾದ ವಿಜ್ಞಾನಿಗಳು ಹಡಗಿನಲ್ಲಿ ಹೋಗಿ ನೀರು ತೆಗೆದು ನೋಡಿದಾಗ, ಫುಕುಶಿಮಾದ ಗುರುತು 2013ರ ಜೂನ್ ಹೊತ್ತಿಗೆ ಅವರ ಭೂಖಂಡದ ಅಂಚಿನ ಕಡಲಿಗೆ ಬಂದಿತ್ತು. 2015ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಉಕ್ಲುಲೆಟ್ ಎಂಬ ಊರಿನ ದಡದಲ್ಲಿ ತೆಗೆದ ನೀರಿನಲ್ಲೂ ಸಿಕ್ಕಿತು. ಘನ ಮೀಟರ್‌ಗೆ 1.4 ಬೆಕರೆಲ್ ಸೀಸಿಯಂ-134, 5.8 ಬೆಕರೆಲ್ ಸೀಸಿಯಂ-137.

ಆರೂವರೆ ಕೋಟಿಗೂ ಮೇಲಿದ್ದ ಸಂಖ್ಯೆ ಸಾಗರ ದಾಟುವಷ್ಟರಲ್ಲಿ ಆರಕ್ಕಿಂತ ಕೆಳಗೆ ಇಳಿದಿತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಾರ್ಗಸೂಚಿ ಮಟ್ಟ ಘನ ಮೀಟರ್‌ಗೆ 10,000 ಬೆಕರೆಲ್. ಅಷ್ಟು ಕಡಿಮೆ ಪ್ರಮಾಣದಲ್ಲೂ ಅದು ಫುಕುಶಿಮಾದ್ದೇ ಎಂದು ಹೇಳಲು ಸಾಧ್ಯವಾದದ್ದು ಸೀಸಿಯಂ-134ರಿಂದ. ಅರ್ಧಾಯುಷ್ಯ ಕೇವಲ 2 ವರ್ಷವಾದ್ದರಿಂದ 1960ರ ದಶಕದ ಬಾಂಬ್ ಪರೀಕ್ಷೆಗಳ ಸೀಸಿಯಂ-134 ಎಂದೋ ಕರಗಿಹೋಗಿದೆ. ಕಂಡರೆ ಅದು ಹೊಸತೇ.

ಅದೇ ಸಮಯದಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಬೇರೊಂದು ನಕ್ಷೆ ಓಡಾಡುತ್ತಿತ್ತು. ಜಪಾನಿನಿಂದ ಕೆಂಪು, ಹಳದಿ, ನೇರಳೆ ಬಣ್ಣದ ಬೆರಳುಗಳು ಇಡೀ ಪೆಸಿಫಿಕ್ ಮೇಲೆ ಚಾಚಿದ ಚಿತ್ರ. 'ವಿಕಿರಣ ಹರಡಿದ ಪರಿ ನೋಡಿ' ಎಂಬ ಅರ್ಥದ ಅಡಿಬರಹ. ಅದು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ತಯಾರಿಸಿದ ನಕ್ಷೆಯೇ ಹೌದು. ಆದರೆ ಅದು ತೋರಿಸುತ್ತಿದ್ದುದು ಸುನಾಮಿ ಅಲೆಗಳ ಎತ್ತರವನ್ನು. ವಿಕಿರಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವರ್ಷಗಟ್ಟಲೆ ಅದು ಫಾರ್ವರ್ಡ್ ಆಗುತ್ತಲೇ ಹೋಯಿತು, ಈಗಲೂ ಆಗಾಗ ತಲೆ ಎತ್ತುತ್ತದೆ. ಸರಿಯಾದ ನಕ್ಷೆಯನ್ನು ಸಮಯಕ್ಕೆ ಕೊಡುವವರು ಇಲ್ಲದಿದ್ದರೆ ಆ ಜಾಗವನ್ನು ತಪ್ಪು ನಕ್ಷೆ ತುಂಬುತ್ತದೆ.

ಸರಿಯಾದ ನಕ್ಷೆಯನ್ನೂ ಹೇಗೆ ಓದಬೇಕೆಂಬುದಕ್ಕೆ 2023ರ ಪ್ರಸಂಗ ಇನ್ನೂ ಚೆನ್ನಾದ ಉದಾಹರಣೆ. ಆ ವರ್ಷ ಆಗಸ್ಟ್ 24ರಂದು ಜಪಾನ್, ಫುಕುಶಿಮಾದ ಟ್ಯಾಂಕುಗಳಲ್ಲಿ ಕೂಡಿಟ್ಟಿದ್ದ 13 ಲಕ್ಷ ಟನ್‌ಗೂ ಹೆಚ್ಚಿನ ಸಂಸ್ಕರಿಸಿದ ನೀರನ್ನು ಹಂತ ಹಂತವಾಗಿ ಕಡಲಿಗೆ ಬಿಡಲು ಆರಂಭಿಸಿತು. ಸಂಸ್ಕರಣೆಯಲ್ಲಿ ತೆಗೆಯಲಾಗದೆ ಉಳಿಯುವುದು ಟ್ರಿಟಿಯಂ. ವರ್ಷಕ್ಕೆ 22 ಲಕ್ಷ ಕೋಟಿ ಬೆಕರೆಲ್ ಮೀರುವಂತಿಲ್ಲ, ಲೀಟರ್‌ಗೆ 1,500 ಬೆಕರೆಲ್‌ಗಿಂತ ಕಡಿಮೆ ಇರುವಂತೆ ಸಮುದ್ರದ ನೀರು ಬೆರೆಸಿ ಬಿಡಬೇಕು ಎಂಬುದು ಮಿತಿ. ಚೀನಾದ ಸಿಂಘುವಾ ವಿಶ್ವವಿದ್ಯಾಲಯದ ಸಿಮ್ಯುಲೇಷನ್ ಪ್ರಕಾರ 1,200 ದಿನಗಳಲ್ಲಿ ಇದು ಬಹುತೇಕ ಉತ್ತರ ಪೆಸಿಫಿಕ್ ಆವರಿಸುತ್ತದೆ. ದಕ್ಷಿಣ ಕೊರಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಸಿಮ್ಯುಲೇಷನ್, ತಮ್ಮ ಕಡಲಿಗೆ 4ರಿಂದ 5 ವರ್ಷಗಳಲ್ಲಿ ಬರುತ್ತದೆ, 10 ವರ್ಷದ ಬಳಿಕವೂ ಘನ ಮೀಟರ್‌ಗೆ 0.001 ಬೆಕರೆಲ್ ಆಸುಪಾಸು, ಅಂದರೆ ಈಗಾಗಲೇ ಕಡಲಲ್ಲಿರುವ ಟ್ರಿಟಿಯಂನ ಲಕ್ಷದಲ್ಲಿ ಒಂದು ಪಾಲು ಎಂದಿತು.

ಎರಡೂ ಸುಳ್ಳಲ್ಲ. ಮೊದಲನೆಯದು 'ಎಲ್ಲಿಗೆ ಹೋಗುತ್ತದೆ' ಎಂದು ತೋರಿಸಿತು, ಎರಡನೆಯದು 'ಎಷ್ಟು ಹೋಗುತ್ತದೆ' ಎಂದು ಹೇಳಿತು. ಪತ್ರಿಕೆ, ಟಿವಿಗಳಲ್ಲಿ ಮೊದಲನೆಯದರ ಬಣ್ಣ ಮಾತ್ರ ಬಂತು. ಹರಡುವುದು ಬೇರೆ, ಅಪಾಯವಾಗುವುದು ಬೇರೆ ಎಂಬ ಸಣ್ಣ ವ್ಯತ್ಯಾಸ ಸುದ್ದಿಮನೆಗಳಲ್ಲೇ ಕಳೆದುಹೋಯಿತು ಎಂದರೆ ತಪ್ಪಾಗದು.

ಹಾಗೆಂದು ನೀರಿನ ಲೆಕ್ಕ ಒಂದರಿಂದಲೇ ಸಮಾಧಾನಪಡುವಂತೆಯೂ ಇಲ್ಲ. 2023ರ ಮೇ ತಿಂಗಳಲ್ಲಿ ಫುಕುಶಿಮಾ ಸ್ಥಾವರದ ಬಂದರಿನೊಳಗೆ ಹಿಡಿದ ಒಂದು ಮೀನಿನಲ್ಲಿ ಕೆ.ಜಿಗೆ 18,000 ಬೆಕರೆಲ್ ಸೀಸಿಯಂ ಸಿಕ್ಕಿತು. ಜಪಾನಿನ ಮಿತಿ 100. ಅಪಘಾತವಾಗಿ 12 ವರ್ಷ ಕಳೆದಿತ್ತು. ಟ್ರಿಟಿಯಂ ನೀರಿನೊಂದಿಗೇ ಹರಿದು ಹೋಗುತ್ತದೆ. ಸೀಸಿಯಂ ಹಾಗಲ್ಲ, ಜೇಡಿಮಣ್ಣಿಗೆ ಅಂಟಿಕೊಂಡು ತಳ ಸೇರುತ್ತದೆ, ತಳದಲ್ಲಿ ಮೇಯುವ ಮೀನಿನ ದೇಹ ಸೇರುತ್ತದೆ. ಗೋದಾವರಿ, ಕೃಷ್ಣೆಯಂಥ ನದಿಗಳು ಹೂಳು ತಂದು ಸುರಿಯುವ ತೀರದಲ್ಲಿ ಈ ಎರಡನೇ ಲೆಕ್ಕ ಇನ್ನೂ ಮುಖ್ಯ.

ವರ್ಷಕ್ಕೆರಡು ಸಲ ತಿರುಗುವ ಕಡಲು

ಪೆಸಿಫಿಕ್‌ನ ಕುರೋಶಿಯೊ ವರ್ಷವಿಡೀ ಒಂದೇ ಕಡೆ ಹರಿಯುತ್ತದೆ. ಬಂಗಾಳ ಕೊಲ್ಲಿ ಹಾಗಲ್ಲ. ಇಲ್ಲಿ ಆಂಧ್ರ, ಒಡಿಶಾ, ತಮಿಳುನಾಡು ತೀರಗಳ ಉದ್ದಕ್ಕೂ ಸಾಗುವ ಪೂರ್ವ ಕರಾವಳಿ ಪ್ರವಾಹ ಮುಂಗಾರು–ಹಿಂಗಾರಿನ ಗಾಳಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಫೆಬ್ರುವರಿಯಿಂದ ಮೇವರೆಗೆ ಅದು ಚೆನ್ನೈ ಕಡೆಯಿಂದ ಈಶಾನ್ಯಕ್ಕೆ, ಒಡಿಶಾದತ್ತ ಹರಿಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಿರುಗಿ, ಒಡಿಶಾ ಕಡೆಯಿಂದ ಕೆಳಗೆ ಚೆನ್ನೈ, ಶ್ರೀಲಂಕಾದತ್ತ ಸಾಗುತ್ತದೆ. ನಡುವಿನ ಮುಂಗಾರಿನಲ್ಲಿ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕು, ಸುಳಿಗಳೂ ಹೆಚ್ಚು. ಜೋರಿರುವ ದಿನಗಳಲ್ಲಿ ಮೇಲ್ಮೈ ನೀರು ಸೆಕೆಂಡಿಗೆ 1 ಮೀಟರ್ ವೇಗ ಮುಟ್ಟುತ್ತದೆ.

ಒಂದು ಸರಳ ಲೆಕ್ಕ ನೋಡಬಹುದು. ಇದು ಸಿಮ್ಯುಲೇಷನ್ ಅಲ್ಲ, ಪೆನ್ನು ಹಿಡಿದು ಮಾಡುವ ಗುಣಾಕಾರ ಅಷ್ಟೇ. ಸೆಕೆಂಡಿಗೆ ಅರ್ಧ ಮೀಟರ್ ವೇಗ ಎಂದಿಟ್ಟುಕೊಂಡರೂ ನೀರು ದಿನಕ್ಕೆ 43 ಕಿ.ಮೀ ಸಾಗುತ್ತದೆ. ನವೆಂಬರ್‌ನಲ್ಲಿ ಕೊವ್ವಾಡದ ಬಳಿ ಕಡಲಿಗೆ ಬಿದ್ದದ್ದು ಎರಡು ದಿನದೊಳಗೆ ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನ ಎದುರು ಇರುತ್ತದೆ. ಅದೇ ಮಾರ್ಚ್‌ನಲ್ಲಾದರೆ ವಿಶಾಖಪಟ್ಟಣಕ್ಕೆ ಬೆನ್ನು ತಿರುಗಿಸಿ ಒಡಿಶಾದ ಗೋಪಾಲ್‌ಪುರದತ್ತ ಹೊರಡುತ್ತದೆ. ಒಂದೇ ಸ್ಥಾವರ, ಒಂದೇ ಪ್ರಮಾಣದ ಸೋರಿಕೆ. ಬಾಧೆಗೆ ಒಳಗಾಗುವ ರಾಜ್ಯವೇ ಬೇರೆ.

ಮಾರ್ಚ್–ಏಪ್ರಿಲ್‌ನ ಈ ಹರಿವಿನ ಮೇಲ್ಭಾಗದಲ್ಲಿ ಇನ್ನೊಂದು ಹೆಸರಿದೆ. ಚೆನ್ನೈ ದಕ್ಷಿಣದ ಕಲ್ಪಾಕ್ಕಂ. ಅಲ್ಲಿ 1984ರಿಂದ ಪರಮಾಣು ವಿದ್ಯುತ್ ಉತ್ಪಾದನೆ ನಡೆದಿದೆ. 2004ರ ಸುನಾಮಿಯಲ್ಲಿ ಅದರ ಪಂಪ್‌ಹೌಸ್‌ಗೆ ನೀರು ನುಗ್ಗಿದಾಗ ಓಡುತ್ತಿದ್ದ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಲಾಗಿತ್ತು. ಅಲ್ಲಿಂದ ಕೃಷ್ಣಾ ಜಿಲ್ಲೆಯ ಮಚಲೀಪಟ್ಟಣಕ್ಕೆ ನೇರ ದೂರ ಸುಮಾರು 400 ಕಿ.ಮೀ. ಅದೇ ಅರ್ಧ ಮೀಟರ್ ವೇಗದಲ್ಲಿ ಹತ್ತು ದಿನದ ದಾರಿ. ಕಡಲಿಗೆ ರಾಜ್ಯದ ಗಡಿ ಇಲ್ಲ ಎನ್ನುವುದು ಇಲ್ಲಿ ಭಾಷಣದ ಮಾತಲ್ಲ, ಕಿಲೋಮೀಟರ್ ಲೆಕ್ಕ.

ಬಂಗಾಳ ಕೊಲ್ಲಿಯ ಇನ್ನೊಂದು ವಿಶೇಷವನ್ನು ಪತ್ತೆ ಹಚ್ಚಲು ನೆರವಾದವರು ಮೀನುಗಾರರು. 2005ರಿಂದ ಭಾರತದ ಕರಾವಳಿಯ ಎಂಟು ಕಡೆ ಮೀನುಗಾರರು ಐದು ದಿನಕ್ಕೊಮ್ಮೆ ಬಾಟಲಿಯಲ್ಲಿ ಕಡಲ ನೀರು ತುಂಬಿ ವಿಜ್ಞಾನಿಗಳಿಗೆ ಕೊಡುತ್ತಿದ್ದರು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶ ಕುತೂಹಲಕರ. ಮುಂಗಾರಿನಲ್ಲಿ ಗಂಗಾ, ಬ್ರಹ್ಮಪುತ್ರದಂಥ ನದಿಗಳು ಉತ್ತರ ಕೊಲ್ಲಿಗೆ ಸುರಿದ ಸಿಹಿನೀರು, ಹಿಂಗಾರಿನ ಹೊತ್ತಿಗೆ ತೀರಕ್ಕೆ ಅಂಟಿಕೊಂಡು ಸುಮಾರು 100 ಕಿ.ಮೀ ಅಗಲದ ಪಟ್ಟಿಯಾಗಿ ದಕ್ಷಿಣಕ್ಕೆ ಇಳಿಯುತ್ತದೆ. ದೇಶದ ದಕ್ಷಿಣ ತುದಿ ಮುಟ್ಟಲು ಅದಕ್ಕೆ ಎರಡೂವರೆ ತಿಂಗಳು ಸಾಕು. ವಿಜ್ಞಾನಿಗಳು ಇದನ್ನು 'ಕಡಲೊಳಗಿನ ನದಿ' ಎಂದರು.

ಇದು ಚೆಂದದ ಕಥೆ ಮಾತ್ರವಲ್ಲ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೆಳು ಹೊದಿಕೆಯಂತೆ ನಿಲ್ಲುತ್ತದೆ. ಆ ಹೊದಿಕೆಗೆ ಸೇರಿದ ಮಾಲಿನ್ಯ ಬೇಗ ಕೆಳಗೆ ಬೆರೆಯುವುದಿಲ್ಲ. ದಡದ ಹತ್ತಿರವೇ, ಮೇಲ್ಮೈಯಲ್ಲೇ, ಹೆಚ್ಚು ದಟ್ಟವಾಗಿ ಸಾಗುತ್ತದೆ. ಪೆಸಿಫಿಕ್‌ನಲ್ಲಿ ಆಳ ಮತ್ತು ಅಗಲ ಮಾಡಿಕೊಟ್ಟ ಉಪಕಾರವನ್ನು ಇಲ್ಲಿಯ ನವೆಂಬರ್ ಕಡಲಿನಿಂದ ಅಷ್ಟೇ ಬೇಗ ನಿರೀಕ್ಷಿಸುವಂತಿಲ್ಲ. ಫುಕುಶಿಮಾದಲ್ಲಿ ಏನೂ ಆಗಲಿಲ್ಲವಲ್ಲ, ಇಲ್ಲಿಯೂ ಆಗದು ಎಂದು ವಾದಿಸುವವರು ನೋಡಬೇಕಾದ ಜಾಗ ಇದು.

ಮಾದರಿಯೊಳಗೆ ನದಿ ಸರಿಯಾಗಿ ಬರಬೇಕಾದರೆ ಯಾವ ದಿನ ಎಷ್ಟು ನೀರು ಹರಿಯಿತೆಂಬ ಅಂಕಿ ಬೇಕು. ಹಲವು ಸಾಗರ ಮಾದರಿಗಳು ಹಿಂದಿನ ವರ್ಷಗಳ ಸರಾಸರಿ ಹಾಕಿ ಸುಮ್ಮನಾಗುತ್ತವೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜ್‌ನಿಂದ 11 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹರಿದಾಗ ಯಾವ ಸರಾಸರಿಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಆಲಮಟ್ಟಿ, ನಾರಾಯಣಪುರದ ಗೇಟುಗಳಿಂದ ಹಿಡಿದು ಪ್ರಕಾಶಂ ಬ್ಯಾರೇಜ್‌ವರೆಗೆ ಕೃಷ್ಣೆಯ ಹರಿವಿನ ಅಂಕಿ ಪ್ರತಿದಿನ ದಾಖಲಾಗುತ್ತದೆ. ಆ ಅಂಕಿ ನೀರಾವರಿ ಇಲಾಖೆಗಳ ಫೈಲು ದಾಟಿ ಸಾಗರ ಮಾದರಿಗೆ ದಿನದಿನವೂ ಸೇರಿದರೆ ಮಾತ್ರ ಲೆಕ್ಕ ನಿಖರವಾಗುತ್ತದೆ.

ಹೈದರಾಬಾದ್‌ನಲ್ಲಿ ಲೆಕ್ಕ, ವಿಜಯವಾಡದಲ್ಲಿ ನಿರ್ಧಾರ

ಭಾರತದ ಸಾಗರ ಮುನ್ಸೂಚನೆಯ ಕೆಲಸ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರದ್ದು. ಇನ್‌ಕಾಯ್ಸ್ ಎಂದೇ ಪರಿಚಿತ. 1999ರಲ್ಲಿ ಹೈದರಾಬಾದ್‌ನಲ್ಲಿ ಶುರುವಾಯಿತು. 2007ರಿಂದ ಸುನಾಮಿ ಎಚ್ಚರಿಕೆ ಕೊಡುವುದೂ, ಎಲ್ಲಿ ಮೀನು ಸಿಗಬಹುದೆಂದು ಮಲ್ಪೆ, ಮಂಗಳೂರಿನ ದೋಣಿಗಳಿಗೂ ತಿಳಿಸುವುದೂ ಇದೇ ಸಂಸ್ಥೆ. ಫುಕುಶಿಮಾ ಅಧ್ಯಯನದಲ್ಲಿ ಜಪಾನೀಯರು ಬಳಸಿದ್ದ ಅದೇ ಬಗೆಯ ಪ್ರಾದೇಶಿಕ ಸಾಗರ ಮಾದರಿಯನ್ನು ಇದು ಭಾರತದ ಕಡಲುಗಳಿಗೆ ಓಡಿಸುತ್ತದೆ. ಕರಾವಳಿ ಸಮೀಪದ ಪೆಟ್ಟಿಗೆಗಳ ಅಗಲ ಎರಡು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಲೆಕ್ಕ ಸರಿಯೇ ಎಂದು ನೋಡಲು ಮಚಲೀಪಟ್ಟಣ–ಯಾನಂ ಮತ್ತು ಒಡಿಶಾದ ಗೋಪಾಲ್‌ಪುರ–ಪುರಿ ಬಳಿ ದಡದಿಂದಲೇ ಕಡಲ ಹರಿವನ್ನು ಅಳೆಯುವ ರಾಡಾರ್ ಜೋಡಿಗಳಿವೆ. ವಿಶಾಖಪಟ್ಟಣ, ಕೊವ್ವಾಡ ಎರಡೂ ಈ ಜೋಡಿಗಳ ಮಧ್ಯದ ತೀರದಲ್ಲಿ ಬರುತ್ತವೆ ಎಂಬುದನ್ನು ಗಮನಿಸಬೇಕು.

ಇನ್‌ಕಾಯ್ಸ್‌ಗೆ ಇದು ಹೊಸ ವಿದ್ಯೆಯಲ್ಲ. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಸೋರಿದಾಗ ಅದು ಎತ್ತ ಸಾಗುತ್ತದೆಂದು ಲೆಕ್ಕ ಕೊಟ್ಟಿತ್ತು. 2025ರ ಮೇ 25ರಂದು ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ-3 ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿದಾಗ, ಕಂಟೇನರ್‌ಗಳೂ ತೈಲವೂ ಯಾವ ದಡಕ್ಕೆ ಬರಬಹುದೆಂದು ಮುನ್ಸೂಚನೆ ನೀಡಿತು. ಕಾಣೆಯಾದ ದೋಣಿಯನ್ನು ಎಲ್ಲಿ ಹುಡುಕಬೇಕು ಎಂದು ಹೇಳುವ ಅದರ 'ಸಾರಥ್' ಸಾಧನ 2016ರಿಂದ ಬಳಕೆಯಲ್ಲಿದೆ. ತೈಲ, ಕಂಟೇನರ್, ದೋಣಿ, ವಿಕಿರಣ, ಎಲ್ಲವನ್ನೂ ಒಯ್ಯುವುದು ಅದೇ ನೀರು. ತೈಲಕ್ಕೆ ಆವಿಯಾಗುವ ಲೆಕ್ಕ ಸೇರಿಸುವ ಕಡೆ ವಿಕಿರಣಕ್ಕೆ ಅರ್ಧಾಯುಷ್ಯ ಮತ್ತು ಹೂಳಿಗೆ ಅಂಟುವ ಲೆಕ್ಕ ಸೇರಿಸಬೇಕು.

ಸಿಮ್ಯುಲೇಷನ್ ಸಿದ್ಧವಾದ ಮೇಲೆ ಏನಾಗಬೇಕು? ಮೀನುಗಾರಿಕೆ ನಿಲ್ಲಿಸಿ ಎನ್ನುವುದು, ಸಿಗಡಿ ಕೆರೆಗಳಿಗೆ ನೀರು ಬಿಡಬೇಡಿ ಎನ್ನುವುದು, ಊರು ಖಾಲಿ ಮಾಡಿಸುವುದು ರಾಜ್ಯದ ಕೆಲಸ. ಆಂಧ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕಚೇರಿ ವಿಜಯವಾಡದ ಪಕ್ಕದ ತಾಡೇಪಲ್ಲಿ ಭಾಗದಲ್ಲಿದೆ. ಪರಮಾಣು, ರಾಸಾಯನಿಕ ತುರ್ತುಗಳಿಗೂ ತರಬೇತಿ ಪಡೆದ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯ 10ನೇ ಬೆಟಾಲಿಯನ್ ವಿಜಯವಾಡ ಹೊರವಲಯದ ಕೊಂಡಪಾವುಲೂರಿನಲ್ಲಿದ್ದು, 2025ರ ಜನವರಿಯಲ್ಲಿ ಅದರ ಹೊಸ ಆವರಣ ಉದ್ಘಾಟನೆಯಾಯಿತು. ಅಂದರೆ ಲೆಕ್ಕ ಹಾಕುವವರು ತೆಲಂಗಾಣದ ರಾಜಧಾನಿಯಲ್ಲಿ, ಆದೇಶ ಹೊರಡಿಸುವವರು ವಿಜಯವಾಡದಲ್ಲಿ, ಎಷ್ಟು ಸೋರಿತೆಂದು ಮೊದಲು ತಿಳಿಯುವವರು ಸ್ಥಾವರದೊಳಗೆ, ಬಲೆ ಮಡಚಬೇಕಾದವರು ವಿಶಾಖಪಟ್ಟಣದ ಜೆಟ್ಟಿಯಲ್ಲಿ. ಈ ನಾಲ್ಕು ಕಡೆಯ ನಡುವೆ ಮಾತು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂಬುದು ಪ್ರವಾಹದ ವೇಗಕ್ಕಿಂತ ದೊಡ್ಡ ಪ್ರಶ್ನೆ.

ವಿಶಾಖಪಟ್ಟಣದವರು ಹೀಗೆ ಕೇಳಲು ಕಾರಣವಿದೆ. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಘಟಕದಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಸತ್ತರು. ಕಾರ್ಖಾನೆಯಲ್ಲಿ ಸೈರನ್ ಇದ್ದೂ ಬಾರಿಸಲಿಲ್ಲ ಎಂದು ರಾಜ್ಯ ಸರ್ಕಾರ ನೇಮಿಸಿದ್ದ ಉನ್ನತಾಧಿಕಾರ ಸಮಿತಿಯೇ ಹೇಳಿತು. ಅನಿಲ ಯಾವ ಕಡೆ ಬರುತ್ತಿದೆ ಎಂದು ತಿಳಿಯದೆ ಜನ ಕತ್ತಲಲ್ಲಿ ಓಡಿದ್ದರು.

ವೃತ್ತ ಎಳೆದರೆ ಸಾಲದು

ಪರಮಾಣು ಸ್ಥಾವರಗಳ ತುರ್ತು ಯೋಜನೆ ನೋಡಿದರೆ ಅಲ್ಲಿ ಕಾಣುವುದು ವೃತ್ತಗಳು. ಸ್ಥಾವರದ ಸುತ್ತ ಯಾರೂ ವಾಸಿಸುವಂತಿಲ್ಲದ ವಲಯ, ಅದರಾಚೆ 5 ಕಿ.ಮೀವರೆಗೆ ಜನಸಂಖ್ಯೆ ಬೆಳವಣಿಗೆ ನಿಯಂತ್ರಿತ ವಲಯ, 16 ಕಿ.ಮೀವರೆಗೆ ತುರ್ತು ಯೋಜನಾ ವಲಯ. ಗಾಳಿಯಲ್ಲಿ ಬರುವ ವಿಕಿರಣಕ್ಕೆ, ನೆಲದ ಮೇಲಿನ ಜನರಿಗೆ ಇದು ಸರಿ. ಗಾಳಿಯ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಕಲ್ಪಾಕ್ಕಂನ ವಿಜ್ಞಾನಿಗಳು ಬಹಳ ಹಿಂದೆಯೇ ಕಟ್ಟಿದ್ದಾರೆ. ಆದರೆ ವೃತ್ತದ ಅರ್ಧ ಭಾಗ ಕಡಲಿನ ಮೇಲೆ ಬೀಳುತ್ತದೆ, ಮತ್ತು ಕಡಲು 16 ಕಿ.ಮೀಗೆ ನಿಲ್ಲುವುದಿಲ್ಲ. ಅದು ದಡದ ಉದ್ದಕ್ಕೂ ಉದ್ದನೆಯ ನಾಲಿಗೆಯಂತೆ ಚಾಚುತ್ತದೆ. 16 ಕಿ.ಮೀ ಒಳಗಿನ ರೈತನಿಗೆ ಅಣಕು ಕಾರ್ಯಾಚರಣೆಯ ಪರಿಚಯ ಇರಬಹುದು, ಸುಮಾರು 200 ಕಿ.ಮೀ ಆಚೆಯ ಕಾಕಿನಾಡದ ಮೀನುಗಾರನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇದನ್ನು ಸರಿಪಡಿಸಲು ಅಪಘಾತ ಆಗಬೇಕಿಲ್ಲ. ವರ್ಷದ ಹನ್ನೆರಡು ತಿಂಗಳಿಗೂ ಒಂದೊಂದರಂತೆ, ಸಣ್ಣ ಸೋರಿಕೆಗೆ, ದೊಡ್ಡ ಸೋರಿಕೆಗೆ ಬೇರೆ ಬೇರೆಯಾಗಿ ಮೊದಲೇ ಸಿಮ್ಯುಲೇಷನ್ ಮಾಡಿಟ್ಟು ಪ್ರಕಟಿಸಬಹುದು. ಕೊವ್ವಾಡದ ಮೊದಲ ಕಾಂಕ್ರೀಟ್ ಬೀಳುವ ಮುನ್ನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆಗಳು ಬೇಕು. ಆ ಕಡತದ ಜತೆಗೇ ಈ ನಕ್ಷೆಗಳು ತೆಲುಗು, ಒಡಿಯಾ, ತಮಿಳಿನಲ್ಲಿ ಹೊರಬಂದರೆ ಯಾರಿಗೂ ನಷ್ಟವಿಲ್ಲ. ನಾರ್ವೆ ಇಂಥ ಕೆಲಸ ಮಾಡುತ್ತಿದೆ. 1989ರ ಏಪ್ರಿಲ್ 7ರಂದು ಮುಳುಗಿದ ಸೋವಿಯತ್ ಪರಮಾಣು ಜಲಾಂತರ್ಗಾಮಿ ಕೊಮ್ಸೊಮೊಲೆಟ್ಸ್ ಬಳಿ 2019ರಲ್ಲಿ ಯಂತ್ರ ಇಳಿಸಿ, ಒಂದು ಕೊಳವೆಯ ಬಾಯಲ್ಲಿ ಸಾಮಾನ್ಯಕ್ಕಿಂತ 8 ಲಕ್ಷ ಪಟ್ಟು ಸೀಸಿಯಂ ಇರುವುದನ್ನು ಕಂಡು, ಅದನ್ನು ಮುಚ್ಚಿಡದೆ ಪ್ರಕಟಿಸಿತು. 1,680 ಮೀಟರ್ ಆಳದಲ್ಲಿ ಅದು ಬೇಗನೆ ತೆಳುವಾಗುತ್ತದೆ, ಮೀನಿಗೆ ತೊಂದರೆ ಇಲ್ಲ ಎಂಬುದನ್ನೂ ಜತೆಗೇ ಹೇಳಿತು. ನಾರ್ವೆಯ ಮೀನಿನ ಮಾರುಕಟ್ಟೆ ಕುಸಿಯಲಿಲ್ಲ.

ಆಂಧ್ರಕ್ಕೆ ಇದು ಸಣ್ಣ ವಿಷಯವಲ್ಲ. ದೇಶದ ಸಿಗಡಿ ಸಾಕಣೆಯಲ್ಲಿ ಮೊದಲ ಸ್ಥಾನ ಈ ರಾಜ್ಯದ್ದು, ಅದರಲ್ಲಿ ಬಹುಪಾಲು ರಫ್ತಾಗುತ್ತದೆ. ವಿಶಾಖಪಟ್ಟಣ ಬಂದರು ಆ ರಫ್ತಿನ ಹೆಬ್ಬಾಗಿಲು. ಫುಕುಶಿಮಾದ ಸಂಸ್ಕರಿಸಿದ ನೀರು ಕಡಲಿಗೆ ಬಿದ್ದ ದಿನವೇ ಚೀನಾ ಜಪಾನಿನ ಎಲ್ಲ ಮೀನನ್ನೂ ನಿಷೇಧಿಸಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದಕ್ಕೂ ಮುನ್ನ, ಜುಲೈ 4ರಂದೇ, ಪರಿಣಾಮ ನಗಣ್ಯ ಎಂದು ವರದಿ ಕೊಟ್ಟಿತ್ತು. ವರ್ಷಗಟ್ಟಲೆ ಅಳತೆಯ ದಾಖಲೆ ಕೈಯಲ್ಲಿದ್ದ ಜಪಾನಿಗೇ ಹೀಗಾಯಿತು. ಮೊದಲಿನಿಂದ ಅಳೆದಿಟ್ಟ ಅಂಕಿಯೇ ಇಲ್ಲದ ತೀರದಿಂದ ಹೊರಟ ಸಿಗಡಿಯನ್ನು ಒಂದು ವಾಟ್ಸ್‌ಆ್ಯಪ್ ವದಂತಿ ಬಂದರಿನಲ್ಲೇ ಕೊಳೆಸಬಹುದು.

ಕರ್ನಾಟಕದ ಓದುಗರಿಗೆ ಇದೆಲ್ಲ ಬೇರೆ ರಾಜ್ಯದ ಕಥೆ ಎನಿಸಬಹುದು. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ 4 ರಿಯಾಕ್ಟರ್‌ಗಳು ಓಡುತ್ತಿವೆ, ತಲಾ 700 ಮೆಗಾವಾಟ್‌ನ ಇನ್ನೆರಡು ಏಳುತ್ತಿವೆ. ಸ್ಥಾವರ ಇರುವುದು ಕಾಳಿ ನದಿಯ ಕದ್ರಾ ಜಲಾಶಯದ ದಡದಲ್ಲಿ. ಆ ನೀರು ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. 2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಹೊಕ್ಕಿದ್ದು ಹಲವರಿಗೆ ನೆನಪಿದ್ದೀತು. ಅದು ಹೊರಗೆ ಹರಿಯಲಿಲ್ಲ. ಪಶ್ಚಿಮ ಕರಾವಳಿಯ ಪ್ರವಾಹವೂ ತಿರುಗುವಂಥದ್ದೇ. ಮುಂಗಾರಿನಲ್ಲಿ ಕಾರವಾರದಿಂದ ದಕ್ಷಿಣಕ್ಕೆ ಹೊನ್ನಾವರ, ಭಟ್ಕಳ, ಮಲ್ಪೆಯತ್ತ ಸಾಗುತ್ತದೆ, ನವೆಂಬರ್‌ನಿಂದ ಗೋವಾದ ಕಡೆಗೆ. ಮುಂಗಾರಿನ ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲೇ ಇರುತ್ತವೆ. ಆಗಸ್ಟ್ 1ಕ್ಕೆ ಅವು ಕಡಲಿಗೆ ಇಳಿಯುವಾಗ ಹರಿವು ಇನ್ನೂ ದಕ್ಷಿಣಕ್ಕೇ ಇರುತ್ತದೆ.